ತೆಪ್ಪ ಯಾವ ಊರು?

ಈ ಕಥೆನ ನಾನು ಹೇಳ್ದಂಗೆ ಇನ್ನೊಬ್ಬ ಹೇಳಕ್ಕಾಗಲ್ಲ. ನಾನು ಓದಿರೋದು ಎರಡನೇ ಕ್ಲಾಸು, ಅದ್ರಲ್ಲೂ ಅರ್ಧ ವರ್ಷ ಹುಣಸೆ ಮರದ ಮೇಲೆ. ಆದ್ರೆ ಆವತ್ತು ತೆಪ್ಪದಲ್ಲಿ ಹುಟ್ಟು ಹಾಕಿದ್ದು ನಾನು. ಓದಿದೋರೆಲ್ಲ ದಡದಲ್ಲಿ ನಿಂತಿದ್ರು.

ಹೊಳೆ ದಡದಲ್ಲಿ ಒಂದು ಆಶ್ರಮ. ಆಶ್ರಮ ಅಂದ್ರೆ ಎರಡು ಗುಡಿಸ್ಲು, ಒಂದು ಹೊಂಗೆ ಮರ, ಒಂದು ತೆಪ್ಪ. ಗುರುಗಳ ಹೆಸರು ಬಿಳಿಗಿರಯ್ಯ. ನಾವೆಲ್ಲ ‘ಬುದ್ಧಿ’ ಅಂತ ಕರೆಯೋದು.

ಹೊಳೆ ನಡುವೆ ನಡುಗಡ್ಡೆ. ಹುಲ್ಲು ಕುಯ್ಯೋರು, ಸೌದೆ ಆಯೋರು, ಬಲೆ ಕಟ್ಟೋರು, ಒಟ್ಟು ಹದಿನೇಳು ಜನ ದಿನಾ ಹೋಗಿ ಬರೋರು. ಗುರುಗಳು ದಾಟಿಸೋರು. ಅದೇ ಅವರ ಪೂಜೆ.

ಮೇಲ್ಗಡೆ ಡ್ಯಾಮಿಂದ ನೀರು ಬಿಟ್ರೆ ನಡುಗಡ್ಡೆ ಮುಳುಗ್ತದೆ. ಅದಕ್ಕೇ ಯಾರು ಈ ದಡದಲ್ಲವ್ರೆ, ಯಾರು ನಡುಗಡ್ಡೇಲವ್ರೆ ಅನ್ನೋದು ಗೊತ್ತಿರ್ಲೇಬೇಕು.

ಗುರುಗಳ ಹತ್ರ ಒಂದು ಹಲಗೆ ಇತ್ತು. ಎಡಕ್ಕೆ ಹದಿನೇಳು ತೂತು, ಬಲಕ್ಕೆ ಹದಿನೇಳು ತೂತು. ಎಡ ಈ ದಡ, ಬಲ ನಡುಗಡ್ಡೆ. ಒಬ್ಬೊಬ್ಬರಿಗೆ ಒಂದೊಂದು ಚಿಕ್ಕ ಗೂಟ. ಜನ ಇಳಿದ ಮೇಲೇ ಗುರುಗಳು ಗೂಟ ಮುಟ್ಟೋರು. ಗೂಟ ಕಿತ್ತು ಚುಚ್ಚೋ ತನಕ ಬಾಯಿ ಬಿಡೋರಲ್ಲ. ಕಾಲ ಮೇಲೆ ಹಾವು ಹರಿದ್ರೂ ಅಷ್ಟೆ.

ಒಂದಿನ ವಾರಿಜ ಬಂದ್ಲು. ಪಾಲಿಟೆಕ್ನಿಕ್ ಓದಿದ್ದ ಹುಡುಗಿ. ಬಂದೋಳೇ ಕಾಲಿಗೆ ಬಿದ್ಲು.

“ಬುದ್ಧಿ, ನನ್ನ ಶಿಷ್ಯೆ ಮಾಡ್ಕೊಳ್ಳಿ.”

“ಒಂದು ತಿಂಗ್ಳು ನನ್ನ ಹದಿನೇಳು ಜನನ ನೋಡ್ಕೊ ಕೂಸೇ. ಒಬ್ರೂ ತಪ್ಪಬಾರದು. ಆಮೇಲೆ ಆ ಮಾತು.”

ಚೀಲನ ಗುಡಿಸ್ಲ ಮೊಳೆಗೆ ನೇತಾಕಿದ್ಲು. ಬಿಚ್ಚಲಿಲ್ಲ. ಬೇಕಾದ್ದು ಎಳ್ಕೊಳೋದು, ತಿರ್ಗ ಬಾಯಿ ಕಟ್ಟೋದು. ನಾನು ನೋಡಿದ್ದೆ. ನನ್ನ ಕಣ್ಣು ಅಂಥಾದ್ದು.

ಮೂರೇ ದಿನಕ್ಕೆ ಅಂಗೈಯಗಲ ಒಂದು ಪೆಟ್ಟಿಗೆ ಮಾಡಿದ್ಲು. ಕೆಳಗೆ ಬ್ಯಾಟ್ರಿ, ಮೇಲೆ ಪುಟಾಣಿ ಪರದೆ.

“ಇದರೊಳಗೆ ಡೇಟಾಬೇಸ್ ಇದೆ ಬುದ್ಧಿ! ಊರೆಲ್ಲ ವೈರ್ ಎಳೀಬೇಕಿಲ್ಲ, ನೆಟ್ ಬೇಡ, ಇನ್ನೆಲ್ಲೋ ದೊಡ್ಡ ಯಂತ್ರ ಬೇಡ. ದಾಖಲೆ ಎಲ್ಲ ಪೆಟ್ಟಿಗೆ ಹೊಟ್ಟೆಯೊಳಗೇ ಇರುತ್ತೆ. ತೆಪ್ಪ ಹತ್ತಿದಾಗ ಈ ದಡದ ಪಟ್ಟಿಯಿಂದ ಹೆಸರು ಅಳಿಸುತ್ತೆ. ಇಳಿದಾಗ ಆ ದಡದ ಪಟ್ಟಿಗೆ ಬರಿಯುತ್ತೆ. ಕೇಳಿದ ತಕ್ಷಣ ತೋರಿಸುತ್ತೆ!”

“ನಡುವೆ?” ಅಂದ್ರು ಗುರುಗಳು.

“ನಡುವೆ ಏನು ಬುದ್ಧಿ? ಹತ್ತು ನಿಮಿಷ ಅಷ್ಟೇ.”

ಗುರುಗಳು ಹಲಗೆಯಿಂದ ಗೂಟ ಎಲ್ಲ ಕಿತ್ತು ಮಡಿಲಿಗೆ ಹಾಕ್ಕೊಂಡ್ರು. ಹಲಗೆ ನನ್ನ ಕಡೆ ತಳ್ಳಿದ್ರು.

“ತಗೊ ಜವರಣ್ಣ. ಕೂರಕ್ಕೆ ಮಣೆ ಇಲ್ಲ ಅಂತಿದ್ಯಲ್ಲ.”

ಒಳ್ಳೇ ಮಣೆ. ತೂತಲ್ಲಿ ಗಾಳಿ ಆಡೋದು.

ಇಪ್ಪತ್ತೆಂಟನೇ ದಿನದ ತನಕ ಪೆಟ್ಟಿಗೆ ಒಂದು ಹೆಸರೂ ತಪ್ಪಲಿಲ್ಲ. ವಾರಿಜ ಕಾಲು ನೆಲದ ಮೇಲಿರ್ಲಿಲ್ಲ.

ಇಪ್ಪತ್ತೊಂಬತ್ತನೇ ದಿನ ಮಧ್ಯಾಹ್ನ ಡ್ಯಾಮಿನ ಸೈರನ್ ಕೂಗ್ತು.

ಕೂಗಿದ ಮೇಲೆ ನೀರು ಬರಕ್ಕೆ ಮುಕ್ಕಾಲು ಗಂಟೆ. ನಾನೂ ಗುರುಗಳೂ ಎರಡು ಸುತ್ತು ಹೊಡೆದು ಜನನ ತಂದು ಹಾಕಿದ್ವಿ. ಬೇರೆಯೋನಾಗಿದ್ರೆ ಮೂರು ಸುತ್ತು ಬೇಕಿತ್ತು.

ವಾರಿಜ ಪೆಟ್ಟಿಗೆ ಒತ್ತಿ ಕುಣಿದ್ಲು. “ನಡುಗಡ್ಡೇಲಿ ಸೊನ್ನೆ ಬುದ್ಧಿ! ಎಲ್ಲಾ ಬಂದ್ರು!”

“ಈ ದಡದಲ್ಲಿ?”

“ಹದಿನಾರು.”

“ನಾನು ನಿಂಗೆ ಕೊಟ್ಟಿದ್ದು?”

ಹುಡುಗಿ ಮುಖ ಸುಣ್ಣ ಆಯ್ತು. ಒಂದೊಂದೇ ಹೆಸರು ನೋಡಿದ್ಲು.

“ದುಂಡಮ್ಮ ಇಲ್ಲ ಬುದ್ಧಿ. ಈ ಪಟ್ಟಿಯಲ್ಲೂ ಇಲ್ಲ, ಆ ಪಟ್ಟಿಯಲ್ಲೂ ಇಲ್ಲ. ಇದು ಹೆಂಗೆ...”

ದುಂಡಮ್ಮ ಹುಲ್ಲು ಕುಯ್ಯೋ ಮುದುಕಿ. ಕಿವಿ ಕೇಳ್ಸಲ್ಲ. ಡ್ಯಾಮೇ ಬಿದ್ರೂ ಕೇಳ್ಸಲ್ಲ, ಇನ್ನು ಸೈರನ್ ಎಲ್ಲಿ?

“ವೈರು!” ಅಂತ ವಾರಿಜ ಹಣೆ ಚಚ್ಕೊಂಡ್ಲು. “ಆಗ್ಲೇ ಅವರೊಬ್ಬರನ್ನೇ ದಾಟಿಸುವಾಗ ಹೊಳೆ ನಡುವೆ ಬ್ಯಾಟ್ರಿ ವೈರು ಕಿತ್ಕೊಂತು. ಸಿಗಿಸಿದೆ, ದೀಪ ಹತ್ತಿಕೊಂತು, ಸರಿಹೋಯ್ತು ಅಂದ್ಕೊಂಡೆ. ಅಳಿಸಿದ್ದು ಹಂಗೇ ನಿಂತಿದೆ. ಬರಿಯೋದನ್ನ ಮರೆತುಬಿಟ್ಟಿದೆ!”

ನನ್ನ ಹುಟ್ಟು ತಗುಲಿ ಕಿತ್ಕೊಂತು ಅಂತಾರೆ. ಇರ್ಬೋದು. ಗಟ್ಟಿಯಾಗಿ ಹುಟ್ಟು ಹಾಕೋರದ್ದು ಸ್ವಲ್ಪ ತಗುಲ್ತದೆ.

“ಹೋಗೋವಾಗ್ಲೋ ಬರೋವಾಗ್ಲೋ?” ಗುರುಗಳು ಕೇಳಿದ್ರು.

ಯಾರಿಗೆ ನೆನಪು? ದಿನಕ್ಕೆ ಮೂರು ಸಲ ಹೋಗಿ ಬರ್ತಾಳೆ ಆ ಮುದುಕಿ. ಒಬ್ಬ ಅಂದ, “ಮನೆಗೋಗಿ ಮಲಗಿರ್ತಾಳೆ ಬುಡಿ ಬುದ್ಧಿ.” ಮನೆ ಎರಡು ಮೈಲಿ. ಹೋಗಿ ನೋಡ್ಕೊಂಡು ಬರಕ್ಕೆ ಹೊತ್ತಿಲ್ಲ. ನೀರು ಆಗ್ಲೇ ಕೆಂಪಾಯ್ತಾ ಇತ್ತು.

ಗುರುಗಳು ತೆಪ್ಪ ನೀರಿಗೆ ತಳ್ಳಿದ್ರು. “ಎಲ್ಲವ್ಳೆ ಅಂತ ಗೊತ್ತಿಲ್ದಿದ್ರೆ ನಡುಗಡ್ಡೇಲೇ ಅವ್ಳೆ. ಹತ್ತು ಜವರಣ್ಣ.”

ವಾರಿಜನೂ ಹಾರಿ ಕೂತ್ಲು. ಕೈಲಿ ಪೆಟ್ಟಿಗೆ.

ಆವತ್ತು ನಾನು ಹಾಕಿದ ಹುಟ್ಟು ಇಡೀ ಹೊಳೇಲಿ ಯಾವನೂ ಹಾಕಿಲ್ಲ. ತೆಪ್ಪ ಬುಗುರಿ ಥರ ತಿರುಗ್ತು. ಒಂದು ಮರದ ಬೊಡ್ಡೆ ತೇಲ್ಕೊಂಡು ಪಕ್ಕಕ್ಕೇ ಬಂತು, ಕಾಲಲ್ಲಿ ಒದ್ದೆ. ಗುರುಗಳು ನಗ್ತಾ ಇದ್ರು. ಎಪ್ಪತ್ತೆರಡು ವರ್ಷ ಅವರಿಗೆ, ನಗ್ತಾ ಇದ್ರು!

ನಡುಗಡ್ಡೆ ಆಗ್ಲೇ ಅರ್ಧ ಇಲ್ಲ.

ಉಳಿದರ್ಧದ ಆಚೆ ತುದೀಲಿ ಒಂದು ಹುಲ್ಲಿನ ಹೊರೆ. ಹೊರೆ ಪಕ್ಕ ದುಂಡಮ್ಮ, ನಮ್ಮ ಕಡೆ ಬೆನ್ನು ಮಾಡ್ಕೊಂಡು ಕುಡುಗೋಲು ಆಡಿಸ್ತಾವ್ಳೆ!

ವಾರಿಜ ಪೆಟ್ಟಿಗೆ ತೆಪ್ಪದಲ್ಲೇ ಇಟ್ಟು ನೀರಿಗೆ ಧುಮುಕಿ ಮುದುಕಿ ರಟ್ಟೆ ಹಿಡಿದ್ಲು.

“ಏನವ್ವ ಅವಸರ ನಿಂಗೆ? ಇನ್ನೊಂದು ಹಿಡಿ ಐತೆ!”

“ನೀರು ಬಂತು ಅಜ್ಜಿ!”

“ಯಾರ್ ಬಂದ್ರು?”

ಎತ್ತಿ ಹಾಕ್ಕೊಂಡೆ. ಮುದುಕಿನೂ ಹೊರೆನೂ. ಹೊರೆ ಬುಟ್ಟು ಬರಲ್ಲ ಅಂದ್ಲು ಅವ್ಳು.

ವಾಪಸ್ ಬರ್ತಾ ಹೊಳೆ ನಡುವೆ ವಾರಿಜ ಅಳ್ತಾ ನಗ್ತಾ ಪೆಟ್ಟಿಗೆ ತೆಗೆದು ದುಂಡಮ್ಮನ ಹೆಸರು ಒತ್ತಕ್ಕೆ ಹೋದ್ಲು.

ಗುರುಗಳು ಹುಟ್ಟಿನ ತುದೀಲಿ ಅವಳ ಮಣಿಕಟ್ಟು ತಡೆದ್ರು.

“ದುಂಡಮ್ಮ ಎಲ್ಲವ್ಳೆ?”

“ಇಲ್ಲೇ ಬುದ್ಧಿ. ತೆಪ್ಪದಲ್ಲಿ.”

“ತೆಪ್ಪ ಯಾವ ಊರು?”

ಹುಡುಗಿ ಪೆಟ್ಟಿಗೆಯಿಂದ ಬೆರಳು ತೆಗೆದ್ಲು.

“ನನ್ನ ಹಲಗೇಲಿ ತೆಪ್ಪಕ್ಕೆ ತೂತಿತ್ತಾ?”

“ಇಲ್ಲ ಬುದ್ಧಿ.”

ಗುರುಗಳು ತಿರ್ಗ ಹುಟ್ಟಿಗೆ ಕೈ ಹಾಕಿದ್ರು. ಅಲೆ ಮೇಲೆ ಅಲೆ ಬರ್ತಿತ್ತು. ವಾರಿಜ ಕಣ್ಣು ಮಾತ್ರ ನನ್ನ ಮಣೆ ಮೇಲೆ. ಹೌದು, ಮಣೆ ತೆಪ್ಪದಲ್ಲೂ ತಂದಿದ್ದೆ. ಒದ್ದೆ ಜಾಗದಲ್ಲಿ ನಾನು ಕೂರೋನಲ್ಲ.

ದಡ ಮುಟ್ಟಿದ್ವಿ. ಜನ ಕೇಕೆ ಹಾಕಿದ್ರು. ದುಂಡಮ್ಮ ಇಳಿದು ಹೊರೆ ಹೊತ್ಕೊಂಡು, ಯಾರಿಗೂ ಒಂದು ಮಾತಾಡದೆ ಮನೆ ಕಡೆ ಹೊಂಟ್ಲು. ಎಮ್ಮೆ ಕಾಯ್ತಿತ್ತಂತೆ.

ವಾರಿಜ ಸೀದಾ ಗುಡಿಸ್ಲಿಗೆ ಹೋದ್ಲು. ಮೊಳೆಯಿಂದ ಚೀಲ ತೆಗೆದು ಹೆಗಲಿಗೆ ಹಾಕ್ಕೊಂಡು ಬಂದ್ಲು.

“ತಪ್ಪಿಬಿಟ್ಟೆ ಬುದ್ಧಿ. ಹೋಗ್ತೀನಿ.”

“ಹೋಗು. ಗೂಟ ಹೆಂಗೆ ಕೀಳ್ತಿದ್ದೆ ನಾನು? ಅದನ್ನ ಹೇಳಿ ಹೋಗು.”

“ಜನ ಇಳಿದ ಮೇಲೆ ಕೀಳ್ತಿದ್ರಿ. ಕಿತ್ತ ಕೈಲೇ ಚುಚ್ಚುತಿದ್ರಿ. ನಡುವೆ ಮಾತಾಡ್ತಿರಲಿಲ್ಲ...”

ಅಲ್ಲೇ ನಿಂತ್ಲು. ಬಾಯಿ ತೆರೆದಂಗೇ ಇತ್ತು. ಚೀಲ ಹೆಗಲಿಂದ ಜಾರಿ ದೊಪ್ಪಂತ ಬಿತ್ತು.

“ಬುದ್ಧಿ! ಎರಡೂ ಒಂದೇ ಕೆಲಸ! ಹತ್ತುವಾಗ ಅಳಿಸ್ಲೇಬಾರದು! ಇಳಿದ ಮೇಲೆ ಅಳಿಸೋದನ್ನೂ ಬರಿಯೋದನ್ನೂ ಒಂದೇ ಕಟ್ಟಲ್ಲಿ ಕಟ್ಟಬೇಕು. ಎರಡೂ ಆದ್ರೆ ಮುದ್ರೆ. ನಡುವೆ ಏನೇ ಕೆಟ್ರೂ ಎರಡೂ ಇಲ್ಲ, ಮೊದಲು ಹೆಂಗಿತ್ತೋ ಹಂಗೆ! ಇದಕ್ಕೆ ಟ್ರಾನ್ಸಾಕ್ಷನ್ ಅಂತಾರೆ. ನಾನು ಪರೀಕ್ಷೆಯಲ್ಲೇ ಬರೆದಿದ್ದೆ!”

“ಎಷ್ಟು ಬಂತು?”

“ಹತ್ತಕ್ಕೆ ಹತ್ತು.”

“ದುಂಡಮ್ಮನ ಮುಂದೆ ಹೇಳ್ಬೇಡ.”

ವಾರಿಜ ಊಟಕ್ಕೂ ಏಳಲಿಲ್ಲ. ಹೊಂಗೆ ಮರದ ಬುಡದಲ್ಲೇ ಕೂತು ಪೆಟ್ಟಿಗೆ ಹೊಟ್ಟೆ ಎಲ್ಲ ಹೊಸದಾಗಿ ಬರೆದ್ಲು. ಹೊತ್ತಿಳಿಯೋ ಮುಂಚೆ ಓಡಿ ಬಂದು ಗುರುಗಳ ಮುಂದೆ ಇಟ್ಲು.

ಗುರುಗಳು ಪೆಟ್ಟಿಗೆ ನೋಡಲಿಲ್ಲ. ನನ್ನ ನೋಡಿದ್ರು.

“ಜವರಣ್ಣ, ವೈರು ಕೀಳೋದ್ರಲ್ಲಿ ನಿನ್ನ ಬಿಟ್ರಿಲ್ಲ. ಕೀಳು.”

ಅವ್ಳು ಒತ್ತೋದು, ನಾನು ಕೀಳೋದು. ಒಂದ್ಸಲ ಬೇಗ ಕಿತ್ತೆ, ಒಂದ್ಸಲ ತಡ ಮಾಡಿ ಕಿತ್ತೆ. ಒಂದ್ಸಲ ಆ ಕಡೆ ನೋಡೋ ಥರ ನಟನೆ ಮಾಡಿ ಕಿತ್ತೆ. ಮೂವತ್ತು ಸಲ! ಪ್ರತಿ ಸಲ ವೈರು ಸಿಗಿಸಿ ದುಂಡಮ್ಮನ ಹೆಸರು ಕೇಳಿದ್ರೆ ಒಂದೋ ಈ ದಡ, ಇಲ್ಲಾ ಆ ದಡ. ಒಂದ್ಸಲನೂ ಮುದುಕಿ ಮಾಯ ಆಗ್ಲಿಲ್ಲ. ಒಂದ್ಸಲನೂ ಎರಡೂ ಕಡೆ ಕಾಣಲಿಲ್ಲ.

“ಸೋತೆ ಕಣವ್ವ,” ಅಂದೆ. ನಾನು ಹಂಗೆ ಅಂದಿದ್ದು ಜೀವಮಾನದಲ್ಲಿ ಅದೊಂದೇ ಸಲ.

ವಾರಿಜ ಕಿರುಚ್ಕೊಂಡು ಮರ ಸುತ್ತಿದ್ಲು. ಆಮೇಲೆ ತಗ್ಗಿದ ದನೀಲಿ ಕೇಳಿದ್ಲು. “ಬುದ್ಧಿ, ನಾನು ನಿಮ್ಮ ಶಿಷ್ಯೆ ಆದ್ನಾ?”

ಗುರುಗಳು ನನ್ನ ಎಬ್ಬಿಸಿ ಮಣೆ ಈಸ್ಕೊಂಡ್ರು. ಚಾಕು ತೆಗೆದು ಎಡಕ್ಕೊಂದು, ಬಲಕ್ಕೊಂದು ಹೊಸ ತೂತು ಕೊರೆದ್ರು. ಮಡಿಲಿಂದ ಒಂದು ಹೊಸ ಗೂಟ ತೆಗೆದು ನೆಲದ ಮೇಲಿಟ್ರು.

“ನಂದಾ ಬುದ್ಧಿ? ಎಲ್ಲಿ ಚುಚ್ಚುತೀರಾ?”

ಗುರುಗಳು ಆ ಗೂಟ ನೋಡಿದ್ರು. ಮಣ್ಣಲ್ಲಿ ಬಿದ್ದಿದ್ದ ಚೀಲ ನೋಡಿದ್ರು. ತಿಂಗಳಿಂದ ಕಟ್ಟಿದಂಗೇ ಇತ್ತು ಅದರ ಬಾಯಿ.

“ನೀನಿನ್ನೂ ತೆಪ್ಪದಿಂದ ಇಳಿದಿಲ್ಲ ಕೂಸೇ. ಮೊದ್ಲು ಅದನ್ನ ಬಿಚ್ಚು. ಗೂಟ ಕೈಗೆ ತಗೊಂಡ್ರೆ ನಾನು ಮಾತಾಡಲ್ಲ.”