ಪಂಕ್ತಿಯಿಂದ ಎದ್ದ ಸ್ಪೀಕರ್

ಚೆನ್ನಾಗಿ ಹಾಡುತ್ತಿದ್ದ ಸ್ಪೀಕರನ್ನು ಗುಜರಿಗೆ ಹಾಕಲು ಹೊರಟದ್ದು ಗುರುಬಸಮ್ಮನ ತಪ್ಪು. ಅವಳ ಮನೆಯ ಕೋಣೆಕೋಣೆಗೂ ತಂತಿಯಿಲ್ಲದ ಹೊಸ ಸ್ಪೀಕರ್‌ಗಳು ಬಂದು ಒಟ್ಟಿಗೆ ಹಾಡತೊಡಗಿದವು.

ಇಪ್ಪತ್ತು ವರ್ಷದ ಮರದ ಸ್ಪೀಕರ್ ಕೇಳಿತು: "ನಾನೂ ಜೊತೆಗೆ ಹಾಡಲೇ? ಎರಡು ತಂತಿ ಸಿಕ್ಕಿಸಿದರೆ ಸಾಕು."

"ತಂತಿಯೇ? ಥೂ, ಮೈಲಿಗೆ!" ಎಂದಿತು ಹಜಾರದ ಹೊಸ ಸ್ಪೀಕರ್. "ಇದು ಕಂಪನಿಯ ಪಂಕ್ತಿ. ನಿನಗಿಲ್ಲಿ ಎಲೆ ಹಾಕಿಲ್ಲ, ಮುದುಕಪ್ಪ. ಹೊರಗೆ ಕೂತಿರು, ನಾಳೆ ಗುಜರಿಯವನು ಬರುತ್ತಾನೆ."

ಮರುದಿನ ಬೆಳಿಗ್ಗೆ ಕಂಪನಿಯಿಂದ ಅಪ್‌ಡೇಟ್ ಬಂತು. ಹಾಡಿನ ನಡುವೆಯೇ ಹಜಾರದ ಸ್ಪೀಕರಿನ ದನಿ ನಿಂತಿತು; ಉಳಿದವೆಲ್ಲ ಹಾಡುತ್ತಲೇ ಇದ್ದವು.

"ನನಗೇಕೆ ಹಾಡು ಬರುತ್ತಿಲ್ಲ?" ಎಂದು ಕೇಳಿತು ಅದು.

"ನೀನು ಹೋದ ವರ್ಷದ ಮಾದರಿ, ಈ ಅಪ್‌ಡೇಟ್ ನಿನಗಲ್ಲ," ಎಂದಿತು ಅಡುಗೆಮನೆಯ ಸ್ಪೀಕರ್. "ಪಂಕ್ತಿಯಿಂದ ಏಳು."

ಹಜಾರದ ಸ್ಪೀಕರ್ ಮರದ ಸ್ಪೀಕರಿನತ್ತ ಹೊರಳಿ ಅಂಗಲಾಚಿತು: "ಅಜ್ಜ, ನಿನ್ನ ತಂತಿ ಕೊಡು."

"ತಗೋ ಮಗನೇ. ಬೆನ್ನು ತಿರುಗಿಸು, ಎಲ್ಲಿ ಸಿಕ್ಕಿಸಲಿ?"

ಬೆನ್ನಲ್ಲಿ ತಂತಿಗೆಂದು ಒಂದು ತೂತೂ ಇರಲಿಲ್ಲ. ಗುಜರಿಯವನು ಬಂದಾಗ ಗುರುಬಸಮ್ಮ ಅವನ ಚೀಲಕ್ಕೆ ಹಾಕಿದ್ದು ಹಜಾರದ ಆ ಹೊಸ ಸ್ಪೀಕರನ್ನೇ. ಮರದ ಸ್ಪೀಕರ್ ಈಗ ಹಜಾರದಲ್ಲಿ ಎರಡು ತಂತಿ ಸಿಕ್ಕಿಸಿಕೊಂಡು ಹಾಡುತ್ತಿದೆ.

ಅಂಗಡಿಯಲ್ಲಿ ಮುಖ ನೋಡಿ ಮರುಳಾಗಬೇಡಿ. ಸ್ಪೀಕರಿನ ಬೆನ್ನು ತಿರುಗಿಸಿ ನೋಡಿ; ತಂತಿಗೆ ತೂತಿಲ್ಲದಿದ್ದರೆ ಅಲ್ಲೇ ಬಿಟ್ಟು ಎದ್ದು ಬನ್ನಿ.