ಕಪ್ಪುಬಿಳುಪಿನ ಚೆಂಡು ಹೂ

ಇಂದುಧರ ಎಂಬ ಫೋಟೊಗ್ರಾಫರ್ ಇದ್ದ. ಬೀದಿಯ ಜನರನ್ನು ಅವರಿಗೆ ತಿಳಿಯದ ಹಾಗೆ ಸೆರೆಹಿಡಿಯುವುದು ಅವನ ಗೀಳು. ಅದೂ ಕಪ್ಪುಬಿಳುಪಿನಲ್ಲಿ ಮಾತ್ರ. ಬಣ್ಣವಿದ್ದರೆ ಮದುವೆ ಆಲ್ಬಂ, ಬಣ್ಣ ತೆಗೆದರೆ ಕಲೆ ಎಂದು ಯಾರೋ ಹೇಳಿದ್ದರು, ಅವನು ನಂಬಿದ್ದ. ಕ್ಯಾಮೆರಾವನ್ನೂ ಹಾಗೆಯೇ ಹೊಂದಿಸಿಟ್ಟಿದ್ದ. ಒಮ್ಮೆ ತೆಗೆದರೆ ಬಣ್ಣ ಮತ್ತೆ ಬರುತ್ತಿರಲಿಲ್ಲ.

ರಾಜ್ಯೋತ್ಸವದ ರಜೆ. ಪೇಟೆ ಬೀದಿಗೆ ಡೊಳ್ಳು ಬಡಿಯುತ್ತ ಭುವನೇಶ್ವರಿಯ ಮೆರವಣಿಗೆಯ ಲಾರಿ ಬಂತು. ಕನ್ನಡ ಸಂಘದವರು ಹಳದಿ, ಕಡುಗೆಂಪು ಚೆಂಡು ಹೂಗಳನ್ನು ಬುಟ್ಟಿಗಟ್ಟಲೆ ಹಂಚಿದ್ದರು. ಬೀದಿಗೆ ಬೀದಿಯೇ ಕೈ ಎತ್ತಿ ಹೂ ಎಸೆಯಿತು. ಇಂದುಧರ ಬಟ್ಟೆ ಅಂಗಡಿಯ ಮೆಟ್ಟಿಲೇರಿ ಒಂದು ಚಿತ್ರ ತೆಗೆದ. ಅಂಥ ಚಿತ್ರ ಅವನಿಗೆ ಅದುವರೆಗೆ ಸಿಕ್ಕಿರಲಿಲ್ಲ.

ಅಷ್ಟರಲ್ಲಿ ಲಾರಿಯ ಮುಂದಿನ ಗಾಜು ಒಡೆಯಿತು.

ಡೊಳ್ಳು ನಿಂತಿತು. "ಕಲ್ಲು!" ಎಂದು ಯಾರೋ ಕೂಗಿದರು. ಕಲ್ಲನ್ನು ಕಂಡವರು ಯಾರೂ ಇರಲಿಲ್ಲ. ಕೂಗನ್ನು ಮಾತ್ರ ಎಲ್ಲರೂ ಕೇಳಿದ್ದರು.

ಸಂಘದ ಅಧ್ಯಕ್ಷ ಕೊಟ್ರೇಶಣ್ಣ, ಹೆಗಲ ಮೇಲೆ ಹಳದಿ-ಕೆಂಪು ಶಾಲು ಹೊದ್ದವನು, ಬಂದು ಇಂದುಧರನ ಕ್ಯಾಮೆರಾದ ಪಟ್ಟಿಗೆ ಕೈ ಹಾಕಿದ.

"ಏನ್ ಸರ್, ಫೋಟೊ ಹೊಡೀತಿದ್ರಲ್ಲ? ತೋರಿಸ್ರಿ."

ಪಟ್ಟಿ ಕುತ್ತಿಗೆಗೆ ಬಿಗಿಯಿತು. ಸುತ್ತ ಜನ. ನುಸುಳಲು ಸಂದಿಯಿಲ್ಲ. ಇಂದುಧರ ತೋರಿಸಿದ.

ಚಿತ್ರವನ್ನು ಹಿಗ್ಗಿಸಿದರು. ಪಂಕ್ಚರ್ ಅಂಗಡಿಯ ಓಬಳೇಶ ಟೈರುಗಳ ರಾಶಿಯ ಮೇಲೆ ನಿಂತು ಕೈ ಎತ್ತಿದ್ದ. ಕೈಯಲ್ಲಿ ಕಪ್ಪನೆಯ ಉಂಡೆ. ಎತ್ತರದಲ್ಲಿದ್ದ, ಒಬ್ಬನೇ ಇದ್ದ. ತಪ್ಪಿತಸ್ಥನಾಗಲು ಇನ್ನೇನು ಬೇಕು?

"ನೋಡ್ರಲೇ, ಕೈಯಾಗೆ ಕಲ್ಲು!"

ಓಬಳೇಶನನ್ನು ಕಾಲರ್ ಹಿಡಿದು ಎಳೆದು ತಂದರು. ಒಬ್ಬ ಅವನದೇ ಅಂಗಡಿಯಿಂದ ಚಕ್ರ ಬಿಚ್ಚುವ ಪಾನಾ ಎತ್ತಿಕೊಂಡು ಬಂದ.

"ಹೂವಣ್ಣಾ! ನಿಮ್ಮ ಬುಟ್ಟೀದೇ ಹೂವಣ್ಣಾ!" ಓಬಳೇಶನ ದನಿ ಒಡೆದಿತ್ತು.

ಅದು ಹೂವೆಂದು ಇಂದುಧರನಿಗೆ ಗೊತ್ತಿತ್ತು. ಕಣ್ಣಾರೆ ಕಂಡಿದ್ದ. ಆದರೆ ಹೇಳಿದರೆ ಮುಂದಿನ ಕಾಲರ್ ತನ್ನದು. ಪಾನಾ ಮೇಲೆ ಹೋಗುವುದು ಕಂಡಾಗ ಹೇಗೋ ಮಾತು ಹೊರಟಿತು.

"ಹೂವೇ ಸರ್. ಕೆಂಪು ಚೆಂಡು ಹೂ. ಕಪ್ಪುಬಿಳುಪಲ್ಲಿ ಕೆಂಪು ಹಂಗೆ ಕಾಣ್ತದೆ."

"ಮತ್ತೆ ಬಣ್ಣದಾಗೆ ಯಾಕೆ ತೆಗೀಲಿಲ್ಲ? ಬಣ್ಣ ಖಾಲಿ ಆಗಿತ್ತಾ?" ಎಂದ ಕೊಟ್ರೇಶಣ್ಣ.

ಕೆಲವರು ನಕ್ಕರು. ಕಲೆ ಎಂಬ ಪದವನ್ನು ಅಲ್ಲಿ ಆಡುವ ಧೈರ್ಯ ಇಂದುಧರನಿಗೆ ಬರಲಿಲ್ಲ.

ನಡುಗುವ ಬೆರಳು ಬೇರೆ ಗುಂಡಿ ಒತ್ತಿತು. ಹಿಗ್ಗಿದ್ದ ಚಿತ್ರ ಕುಗ್ಗಿ ಪೂರ್ತಿ ಕಂಡಿತು. ಕೆಳಗಿನ ಮೂಲೆಯಲ್ಲಿ ಶಾಲು ಹೊದ್ದ ಒಬ್ಬ ಗಂಡಸು. ಎತ್ತಿದ ಕೈ. ಕೈಯಲ್ಲಿ ಅದೇ ಕಪ್ಪನೆಯ ಉಂಡೆ.

ಇಂದುಧರ ಅದನ್ನು ನೋಡಿದ. ಸುಮ್ಮನಿರಬಹುದಿತ್ತು.

"ಇವರು ಯಾರು ಸರ್?" ಎಂದು ಕೇಳಿಬಿಟ್ಟ.

ಗುಂಪು ಬಗ್ಗಿ ನೋಡಿತು. ಆಮೇಲೆ ಕೊಟ್ರೇಶಣ್ಣನತ್ತ ತಿರುಗಿತು.

"ಏಯ್, ಹೂ ಕಣ್ರಲೇ ಅದು! ಬುಟ್ಟಿ ತರಿಸಿದ್ದೇ ನಾನು!"

ಪಾನಾ ಹಿಡಿದವನು ಚಿತ್ರವನ್ನು ನೋಡಿದ, ಶಾಲನ್ನು ನೋಡಿದ, ಮತ್ತೆ ಚಿತ್ರವನ್ನು ನೋಡಿದ. ಕೊಟ್ರೇಶಣ್ಣನ ಹಣೆಯಲ್ಲಿ ಬೆವರೊಡೆಯಿತು. ತಾನು ಕಟ್ಟಿದ ಗುಂಪನ್ನು ಅವನು ಎದುರಿನಿಂದ ನೋಡುತ್ತಿದ್ದುದು ಅದೇ ಮೊದಲು.

"ಕಪ್ಪುಬಿಳುಪಲ್ಲಿ ಕೆಂಪು ಹಂಗೇ ಕಾಣ್ತದೆ," ಎಂದು ಈಗ ಅವನೇ ಎಲ್ಲರಿಗೂ ತಿಳಿಸಿ ಹೇಳಿದ. "ಗೊತ್ತಿಲ್ಲೇನ್ರೋ ಅಷ್ಟೂ?"

ಎಲ್ಲರಿಗೂ ಗೊತ್ತಿತ್ತು. ಓಬಳೇಶನ ಕಾಲರ್ ಬಿಟ್ಟರು.

"ಅದನ್ನ ಅಳಿಸಿಬಿಡ್ರಿ ಸರ್," ಎಂದ ಕೊಟ್ರೇಶಣ್ಣ, ಮೆಲ್ಲಗೆ.

ಇಂದುಧರ ಅಳಿಸಿದ. ಡೊಳ್ಳು ಮತ್ತೆ ಶುರುವಾಯಿತು. ಗಾಜು ಹೇಗೆ ಒಡೆಯಿತು ಎಂದು ಯಾರೂ ಕೇಳಲಿಲ್ಲ. ಓಬಳೇಶ ಅಂಗಡಿಯೊಳಗೆ ಹೋಗಿ ಶಟರ್ ಎಳೆದುಕೊಂಡ.

ಮುಂದಿನ ರಾಜ್ಯೋತ್ಸವಕ್ಕೆ ಇಂದುಧರ ಬಣ್ಣದಲ್ಲೇ ತೆಗೆದ. ಬೀದಿಯೆಲ್ಲ ಹಳದಿ, ಕೆಂಪು. ಓಬಳೇಶ ಅಂಗಡಿಯ ಬಾಗಿಲಲ್ಲಿ ನಿಂತಿದ್ದ. ಎರಡೂ ಕೈ ಜೇಬಿನಲ್ಲಿದ್ದವು.

ನೀತಿ: ಚಿತ್ರವೇ ಸತ್ಯ ಹೇಳುತ್ತದೆ ಎಂದು ನಂಬಿ ಬಾಯಿ ಮುಚ್ಚಿಕೊಂಡು ನಿಲ್ಲಬೇಡಿ. ಗುಂಪು ಚಿತ್ರದಲ್ಲಿ ತನಗೆ ಬೇಕಾದಷ್ಟನ್ನೇ ಹಿಗ್ಗಿಸಿ ನೋಡುತ್ತದೆ. ಕಣ್ಣಾರೆ ಕಂಡವನು ನಡುಗುತ್ತಲಾದರೂ ಹೇಳಬೇಕು, ಪೂರ್ತಿ ಚಿತ್ರವನ್ನು ತೋರಿಸಬೇಕು.