ಆಟಕ್ಕೆ ಮುಂಚಿನ ಹಾಡು

ಕಲ್ಲುಗುಂಡಿಯ ದೊರೆ ಬಸವಂತ ನಾಯಕನಿಗೆ ಕೋಲುಚೆಂಡಿನ ಹುಚ್ಚು. ಆಡಲು ಬರುತ್ತಿತ್ತೇ? ಇಲ್ಲ. ನೋಡಿದರೆ ತಿಳಿಯುತ್ತಿತ್ತೇ? ಅದೂ ಅಷ್ಟಕ್ಕಷ್ಟೆ. ಆದರೆ ತುದಿ ಬಾಗಿದ ಕೋಲು ಹಿಡಿದ ಹನ್ನೊಂದು ಜನ ತನ್ನ ಹೆಸರಿನಲ್ಲಿ ಓಡಾಡುತ್ತಾರಲ್ಲ, ಅಷ್ಟೇ ಸಾಕಾಗಿತ್ತು ಅವನಿಗೆ.

ಆ ಹನ್ನೊಂದರಲ್ಲಿ ಒಬ್ಬನೂ ಕಲ್ಲುಗುಂಡಿಯವನಲ್ಲ. ಎಲ್ಲರೂ ವರ್ಷದ ಸಂಬಳಕ್ಕೆ ಬಂದವರು. ಒಬ್ಬ ಮರಾಠರ ಸೀಮೆಯವನು, ಒಬ್ಬ ತೆಲುಗರ ನಾಡಿನವನು, ಇನ್ನೊಬ್ಬನ ಊರು ಯಾವುದೆಂದು ಅವನಿಗೇ ಮರೆತಿತ್ತು. ಕಲ್ಲುಗುಂಡಿಯಲ್ಲೇ ಹುಟ್ಟಿದ ಇಬ್ಬರು ಆಟಗಾರರಿದ್ದರು. ಅವರು ಪಕ್ಕದ ನಿಡುಗೋಡಿನ ದೊರೆಯ ಕಡೆ ಆಡುತ್ತಿದ್ದರು.

ಇಂಥ ತಂಡಕ್ಕೆ ದೊರೆ ಒಂದು ಕಟ್ಟಳೆ ಮಾಡಿದ. ಆಟಕ್ಕೆ ಮುಂಚೆ ಕಲ್ಲುಗುಂಡಿಯ ಸ್ತುತಿ ಮೊಳಗಬೇಕು. ಆಟಗಾರರೆಲ್ಲ ಎದೆಯ ಮೇಲೆ ಕೈಯಿಟ್ಟು ಹಾಡಬೇಕು. ಒಂಬತ್ತು ನುಡಿಯ ಹಾಡು, ಒಂಬತ್ತರಲ್ಲೂ ದೊರೆಯ ಮೀಸೆಯ ವರ್ಣನೆ.

ಮೊದಲ ದಿನವೇ ಎಡವಟ್ಟಾಯಿತು. ಕೊಡಗಿನಿಂದ ಬಂದ ಕುಟ್ಟಪ್ಪ ಎನ್ನುವವನು ಸುಮ್ಮನೆ ನಿಂತಿದ್ದ. ಕೈ ಎದೆಗೆ ಹೋಗಲಿಲ್ಲ, ಬಾಯಿ ತೆರೆಯಲಿಲ್ಲ. ಪಕ್ಕದಲ್ಲಿ ಕಣ್ಣೀರು ಸುರಿಸಿಕೊಂಡು ಹಾಡುತ್ತಿದ್ದ ಮಲ್ಲೋಜಿ ಎಂಬ ಆಟಗಾರ, ಹಾಡು ಮುಗಿದದ್ದೇ ತಡ, ಓಡಿಹೋಗಿ ದೊರೆಯ ಕಿವಿಗೆ ಹಾಕಿದ.

"ನನ್ನ ಹಾಡಿಗೆ ಮೇಲೇಳದ ಕೈ ಅವನಿಗೇಕೆ? ನಾಳೆ ನಿಡುಗೋಡಿನವರ ಮೇಲಿನ ಆಟ ಮುಗಿದ ಕೂಡಲೇ ಕತ್ತರಿಸಿಬಿಡಿ" ಎಂದ ದೊರೆ. ಆಟ ಮುಗಿದ ಮೇಲಂತೆ. ಅಲ್ಲಿಯವರೆಗೆ ಆ ಕೈ ಬೇಕಲ್ಲ ಇವನಿಗೆ.

ಆಸ್ಥಾನದ ಕೊಟ್ರಯ್ಯನಿಗೆ ಮೈಯೆಲ್ಲ ಉರಿದುಹೋಯಿತು. ಮಾತಿನಲ್ಲೇ ದೊರೆಯನ್ನು ನಗಿಸುವುದು ಅವನ ಕೆಲಸ, ಅಂದು ಅವನಿಗೇ ನಗು ಬರಲಿಲ್ಲ. ಕುಟ್ಟಪ್ಪನನ್ನು ಕೂಡಿಹಾಕಿದ್ದ ಸೆರೆಮನೆಗೆ ನೇರ ಹೋದ.

"ಎರಡು ಸಾಲು ಹಾಡಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತಪ್ಪ?"

"ಆಡಲು ಬಂದೆ, ಬುದ್ಧಿ. ಕೈಕಾಲು ದೊರೆಯ ಕೆಲಸಕ್ಕೆ ಕೊಟ್ಟಿದ್ದೇನೆ. ಹಾಡುವುದಾದರೆ ನನ್ನ ಊರಿನದು ನನಗಿದೆ. ಬಾಯಲ್ಲಿ ಒಂದು, ಮನಸ್ಸಲ್ಲಿ ಒಂದು ಇಟ್ಟುಕೊಂಡು ಹಾಡಲು ನನ್ನಿಂದಾಗದು."

"ಉಳಿದವರಿಗೆ ಆಗುತ್ತದಲ್ಲ?"

"ಅವರಿಗೆ ಅಭ್ಯಾಸವಿದೆ. ಹೋದ ವರ್ಷ ನಾವೆಲ್ಲ ನಿಡುಗೋಡಿನ ದೊರೆಯ ಕಡೆಯೇ ಆಡಿದೆವು. ಅಲ್ಲೂ ಹೀಗೇ ಒಂದು ಹಾಡಿತ್ತು. ಆಗಲೂ ನಾನು ಹಾಡಲಿಲ್ಲ."

ಕೊಟ್ರಯ್ಯನಿಗೆ ಅಷ್ಟು ಸಾಕಾಗಿತ್ತು. ಅರಮನೆಗೆ ಬಂದು ಕೈಮುಗಿದ.

"ಮಹಾಸ್ವಾಮಿ, ನಾಳೆ ಬರುವವರು ಅತಿಥಿಗಳು. ಮೊದಲು ಅವರ ಹಾಡು ನುಡಿಸಿದರೆ ನಮ್ಮ ದೊಡ್ಡತನವಲ್ಲವೇ? ನಮ್ಮವರ ನಿಷ್ಠೆಯನ್ನೂ ನಾಲ್ಕು ಜನ ಕಣ್ಣಾರೆ ನೋಡಲಿ."

ದೊರೆ ಮೀಸೆ ತಿರುವಿದ. "ನುಡಿಸು. ನಿಡುಗೋಡಿನವನ ಹಾಡಿಗೆ ನನ್ನ ಹುಲಿಗಳ ಒಂದು ತುಟಿ ಅಲುಗಾಡಿದರೆ ಕೇಳು."

ಮರುದಿನ ಮೈದಾನದ ಸುತ್ತ ಜನವೋ ಜನ. ದೊರೆ ಚಪ್ಪರದಲ್ಲಿ ಕುಳಿತ, ಕೊಟ್ರಯ್ಯ ಪಕ್ಕದಲ್ಲಿ ನಿಂತ. ಕುಟ್ಟಪ್ಪನನ್ನು ಸೆರೆಯಿಂದ ತಂದು ಸಾಲಿನಲ್ಲಿ ನಿಲ್ಲಿಸಿದರು. ಕಹಳೆ ಮೊಳಗಿತು, ನಗಾರಿಗೆ ಪೆಟ್ಟು ಬಿತ್ತು, ನಿಡುಗೋಡಿನ ಸ್ತುತಿ ಶುರುವಾಯಿತು.

ದೊರೆಯ ಹತ್ತು ಹುಲಿಗಳ ಹತ್ತು ಕೈ ಒಟ್ಟಿಗೇ ಎದೆಗೆ ಹೋದವು. ಹೋದ ವರ್ಷವೆಲ್ಲ ರೂಢಿಯಾದ ಕೈಗಳು, ಪಾಪ, ಈ ವರ್ಷ ಯಾರದ್ದೆಂದು ಅವಕ್ಕೇನು ಗೊತ್ತು? ಹತ್ತು ಬಾಯಿ ತೆರೆದವು. ನಿಡುಗೋಡಿನ ದೊರೆಯ ಮೂಗಿನ ವರ್ಣನೆ ಬಂದಾಗ ಮಲ್ಲೋಜಿಯ ಕಣ್ಣಿಂದ ದಳದಳ ನೀರಿಳಿಯಿತು. ನಿನ್ನೆಗಿಂತ ಒಂದು ಹನಿಯೂ ಕಡಿಮೆಯಿಲ್ಲ. ಕುಟ್ಟಪ್ಪ ಒಬ್ಬ ಮಾತ್ರ ಕೋಲು ಹಿಡಿದು ಸುಮ್ಮನೆ ನಿಂತಿದ್ದ.

ದೊರೆಯ ಮುಖ ಹರಳೆಣ್ಣೆ ಕುಡಿದವರ ಹಾಗಾಯಿತು. ಎದ್ದು ನಿಲ್ಲುವಷ್ಟೂ ತಾಳ್ಮೆಯಿಲ್ಲ, ಕುಳಿತಲ್ಲೇ ಅಬ್ಬರಿಸಿದ. "ದ್ರೋಹಿಗಳು! ಆ ಕೊಡಗಿನವನನ್ನು ಬಿಡಿ. ಪರರಾಜನ ಹಾಡಿಗೆ ಅಲುಗಾಡಿದ ಅಂಗ ಯಾವುದೇ ಇರಲಿ, ಯಾರದ್ದೇ ಇರಲಿ, ಈಗಲೇ ಕತ್ತರಿಸಿ."

"ಯಾರದ್ದೇ ಇರಲಿ ಅಂದಿರಾ, ಮಹಾಸ್ವಾಮಿ?" ಎಂದ ಕೊಟ್ರಯ್ಯ.

"ಅಂದೆ. ನನ್ನದು ಒಂದೇ ಮಾತು."

"ಹಾಗಾದರೆ ಅಪ್ಪಣೆಯಾಗಲಿ, ತಮ್ಮ ಬಲಗಾಲಿನಿಂದಲೇ ಶುರು ಮಾಡಿಸುತ್ತೇನೆ."

ದೊರೆ ಬಗ್ಗಿ ನೋಡಿದ. ನಿಲ್ಲಿಸಿ ಎಂದು ಯಾರೂ ಹೇಳದ್ದರಿಂದ ವಾದ್ಯ ಇನ್ನೂ ನುಡಿಯುತ್ತಿತ್ತು. ಚಿನ್ನದ ಪಾದುಕೆ ಮೆಟ್ಟಿದ್ದ ದೊರೆಯ ಬಲಗಾಲು ನಿಡುಗೋಡಿನ ಹಾಡಿಗೆ ಜೋರಾಗಿ ತಾಳ ಹಾಕುತ್ತಿತ್ತು.

ಕಾಲನ್ನು ಪಂಚೆಯೊಳಗೆ ಎಳೆದುಕೊಂಡ ದೊರೆ. ಸ್ವಲ್ಪ ಹೊತ್ತು ಕೆಮ್ಮಿದ. ಆಮೇಲೆ ಮೆಲ್ಲಗೆ, "ಆಯಿತು, ಯಾರದ್ದೂ ಕತ್ತರಿಸುವುದು ಬೇಡ" ಎಂದ.

"ಕುಟ್ಟಪ್ಪನ ಕೈ?"

"ಅದೂ ಬೇಡ ಅಂದೆನಲ್ಲ."

ಕೊಟ್ರಯ್ಯನಿಗೆ ಆಗ ಉಸಿರು ಬಂತು. ದೊರೆಗೆ ಮಾತ್ರ ಇನ್ನೂ ಬುದ್ಧಿ ಬಂದಿರಲಿಲ್ಲ. ಸುತ್ತ ನೆರೆದಿದ್ದ ಸಾವಿರಾರು ಜನರ ಕಡೆ ಕೈ ಬೀಸಿದ.

"ಈ ಬಾಡಿಗೆ ಬಂಟರ ಮಾತು ಬಿಡು. ನನ್ನ ಪ್ರಜೆಗಳನ್ನು ನೋಡು. ನನ್ನ ಹಾಡಿಗೆ ಹೇಗೆ ಎದ್ದು ನಿಲ್ಲುತ್ತಾರೆ, ನಿನ್ನೆ ನೋಡಲಿಲ್ಲವೇ? ಅದು ನಿಜವಾದ ಭಕ್ತಿ. ಅವರಿಗಾಗಿ ಹಾಡು ಇರಲೇಬೇಕು."

"ಖಂಡಿತ ಇರಲಿ, ಮಹಾಸ್ವಾಮಿ" ಎಂದ ಕೊಟ್ರಯ್ಯ. "ಇವತ್ತಿನಿಂದ ಒಂದೇ ಒಂದು ಬದಲಾವಣೆ ಮಾಡೋಣ. ಹಾಡನ್ನು ಆಟ ಮುಗಿದ ಮೇಲೆ ನುಡಿಸೋಣ. ಎಷ್ಟು ಜನ ಉಳಿಯುತ್ತಾರೋ ಎಣಿಸಿಬಿಡಿ."

ದೊರೆ ಜನರನ್ನು ನೋಡಿದ. ಊರಿನ ದಾರಿಯನ್ನು ನೋಡಿದ. ಒಂಬತ್ತು ನುಡಿಯ ಹಾಡನ್ನು ನೆನೆದ.

"ಹಾಡು ಬೇಡ, ಚೆಂಡು ಹಾಕಿಸು" ಎಂದ.